ತೋಶಿ ಗೆದ್ದನೋ ಸೋತನೋ

ಸನ್ಮಾನ ಎಂಬ ಮಾತು ಕಿವಿಗೆ ಬಿದ್ದರೆ ವೈಶಾಲಿಯ ಮೈಯೆಲ್ಲ ಉರಿಯುತ್ತದೆ. ಆದರೂ ಕರೆದಲ್ಲಿಗೆ ಹೋಗುತ್ತಾಳೆ. ಹೋಗದಿದ್ದರೆ ಸೊಕ್ಕು ಬಂದಿದೆ ಎನ್ನುತ್ತಾರೆ. ಹೋದರೆ ಒಂದು ಹಾರ, ಒಂದು ಶಾಲು, ಒಂದು ತೆಂಗಿನಕಾಯಿ, ಆಮೇಲೆ ಯಾರದೋ ಮುಗಿಯದ ಭಾಷಣ. 'ಜಪಾನಿನ ಚಿತ್ರಪುಸ್ತಕದಿಂದ ಹಳ್ಳಿಯ ಮಕ್ಕಳಿಗೆ ಇಂಗ್ಲಿಷ್ ಕಲಿಸಿದ ಶಿಕ್ಷಕಿ' ಎಂದು ಮೈಕಿನಲ್ಲಿ ಕೂಗುವಾಗ ಅವಳು ತಲೆ ತಗ್ಗಿಸಿ ಕೂತಿರುತ್ತಾಳೆ. ಎಷ್ಟು ವಿನಯ ನೋಡಿ ಎಂದು ಜನ ಪಕ್ಕದವರಿಗೆ ಹೇಳುತ್ತಾರೆ. ವಿನಯವೂ ಅಲ್ಲ, ಮಣ್ಣೂ ಅಲ್ಲ, ಅದು ನಾಚಿಕೆ. ಅದು ಯಾಕೆ ಬಂತು ಎಂಬುದನ್ನು ಮೊದಲಿನಿಂದಲೇ ಹೇಳಬೇಕು.

ವೈಶಾಲಿ ಹುನ್ನೂರಿನ ಕುರಿಗಾರರ ಮನೆಯ ಮಗಳು. ಅಪ್ಪ ರೇವಪ್ಪ ವರ್ಷದಲ್ಲಿ ಅರ್ಧ ಕಾಲ ಹಿಂಡಿನ ಹಿಂದೆ ಹೊಳೆಯ ಆಚೆ ಈಚೆ ಅಲೆದವನು. ಆ ಮನೆತನದಲ್ಲಿ ಎಸ್ಸೆಸ್ಸೆಲ್ಸಿ ದಾಟಿದ ಮೊದಲ ಹೆಣ್ಣು ಇವಳೇ. ದಾಟಿದ್ದು ಹೇಗೆ ಎಂದರೆ ಗೈಡನ್ನು ಬಾಯಿಪಾಠ ಮಾಡಿ. ಇಂಗ್ಲಿಷಿನಲ್ಲಿ ಇಡೀ ಶಾಲೆಗೇ ಹೆಚ್ಚು ಅಂಕ ಬಂದಾಗ ರೇವಪ್ಪ ಬೀರೇಶ್ವರನ ಗುಡಿಯ ಮುಂದೆ ನಿಂತು ಪೇಢೆ ಹಂಚಿದ್ದ. ಮುಂದೆ ವಿಜಯಪುರದ ಕಾಲೇಜಿನಲ್ಲಿ ಮೊದಲ ದಿನವೇ ಪ್ರೊಫೆಸರು ಎಬ್ಬಿಸಿ ನಿಲ್ಲಿಸಿ, ನಿನ್ನ ತಂದೆ ಏನು ಮಾಡುತ್ತಾರೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಪ್ರಶ್ನೆ ಅರ್ಥವಾಗಲಿಲ್ಲ. ಬಾಯಿಗೆ ಬಂದದ್ದು ಗೈಡಿನಲ್ಲಿದ್ದ ಒಂದು ಪದ್ಯದ ಸಾರಾಂಶ. ಅದನ್ನೇ ಗಡಗಡ ಒಪ್ಪಿಸಿಬಿಟ್ಟಳು. ಇಡೀ ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಆ ನಗು ಅವಳನ್ನು ಬಹಳ ವರ್ಷ ಬಿಡಲಿಲ್ಲ. ಬಾಯಿಪಾಠ ಎಂಬುದು ಮಕ್ಕಳಿಗೆ ಮಾಡುವ ಮೋಸ ಎಂದು ಅವತ್ತೇ ಮನಸ್ಸಿನಲ್ಲಿ ಬರೆದುಕೊಂಡಳು. ತಾನು ಟೀಚರಾದರೆ ಒಂದು ಹುಡುಗಿಗೂ ಹೀಗಾಗಲು ಬಿಡುವುದಿಲ್ಲ ಎಂದು ಆಣೆ ಮಾಡಿಕೊಂಡಳು. ಟೀಚರಂತೂ ಆದಳು. ರಬಕವಿಯ ನೂಲಿನ ಅಂಗಡಿಯಲ್ಲಿ ಲೆಕ್ಕ ಬರೆಯುವ ಪರಮೇಶನನ್ನು ಮದುವೆಯಾಗಿ ಮುಧೋಳದಲ್ಲಿ ಮನೆ ಮಾಡಿದಳು.

ಮುಧೋಳದಿಂದ ಬೀಳಗಿಯ ಕಡೆಗೆ ಹೋಗುವಾಗ ಸಿಗುವ ಒಂದು ಊರಿನ ಹೈಸ್ಕೂಲಿನಲ್ಲಿ ಅವಳಿಗೆ ಕೆಲಸ. ಊರಿನ ಹೆಸರು ಬೇಡ. ಹೇಳಿದರೆ ಆ ಊರಿನವರಿಗೆ ಸಿಟ್ಟು ಬರುತ್ತದೆ, ಹೇಳದಿದ್ದರೆ ಸುತ್ತಲಿನ ಎಲ್ಲ ಊರಿನವರೂ ಇದು ನಮ್ಮದೇ ಇರಬೇಕು ಎಂದುಕೊಳ್ಳುತ್ತಾರೆ. ಎರಡನೆಯದೇ ಆಗಲಿ. ಶಾಲೆ ಊರಿನ ಸಂಸ್ಥೆಯದು. ಚೇರಮನ್ ಬಾಳಾಸಾಹೇಬರು ಕಬ್ಬಿನ ಹೊಲಗಳ ಒಡೆಯರು, ಹರೆಯದಲ್ಲಿ ಪೈಲವಾನರಾಗಿದ್ದವರು. ಹೆಡ್‌ಮಾಸ್ತರ್ ಸಿದ್ದಾರೂಢ ಅವರು ಗಣಿತದವರು, ಕೆಟ್ಟವರಲ್ಲ. ಮಕ್ಕಳ ಹೆಸರು ಮರೆಯುತ್ತಿದ್ದರು, ಫಲಿತಾಂಶದ ಶೇಕಡಾ ಮಾತ್ರ ಮರೆಯುತ್ತಿರಲಿಲ್ಲ.

ಆ ಶಾಲೆಗೆ ಗ್ರಂಥಾಲಯವೂ ಇತ್ತು. ಎಲ್ಲಿ ಎಂದರೆ ಹೆಡ್‌ಮಾಸ್ತರರ ಖೋಲಿಯ ಮೂಲೆಯ ಕಬ್ಬಿಣದ ತಿಜೋರಿಯಲ್ಲಿ. ಕಾಗದದ ಮೇಲೆ ವೈಶಾಲಿಯೇ ಅದರ ಉಸ್ತುವಾರಿ, ಕೀಲಿಕೈ ಮಾತ್ರ ಹೆಡ್‌ಮಾಸ್ತರರ ಕಿಸೆಯಲ್ಲಿ. ಪುಸ್ತಕ ಹುಡುಗರ ಕೈಗೆ ಹೋದರೆ ಹರಿಯುತ್ತವೆ, ತಪಾಸಣೆಗೆ ಬಂದವರು ಕೇಳಿದರೆ ಯಾರು ಉತ್ತರ ಕೊಡಬೇಕು ಎಂಬುದು ಅವರ ವಾದ. ಆ ಶಾಲೆಯ ಪುಸ್ತಕಗಳು ಬಹಳ ಸುರಕ್ಷಿತವಾಗಿದ್ದವು. ಇಲಿಗಳ ಹೊರತು ಯಾರೂ ಅವನ್ನು ಮುಟ್ಟಿರಲಿಲ್ಲ.

ಒಂದು ಸಲ ದಸರೆ ಮುಗಿದ ಮೇಲೆ ಪುಣೆಯ ಯಾವುದೋ ದೊಡ್ಡ ಶಾಲೆಯಿಂದ ಹಳೆಯ ಪುಸ್ತಕಗಳ ಡಬ್ಬಿಗಳು ಬಂದವು, ದಾನವಾಗಿ. ಬಾಳಾಸಾಹೇಬರ ಬೀಗರು ಕಳಿಸಿಕೊಟ್ಟದ್ದು. ತೆಗೆದು ನೋಡಿದರೆ ಕಾಲ ಮುಗಿದ ಕಂಪ್ಯೂಟರ್ ಪುಸ್ತಕಗಳು, ಹೊದಿಕೆ ಹೋದ ಡಿಕ್ಷನರಿಗಳು. ತಳದಲ್ಲಿ ಒಂದೇ ಅಳತೆಯ ಆರು ಪುಸ್ತಕಗಳ ಒಂದು ಕಟ್ಟು. ಒಳಗೆಲ್ಲ ಕಪ್ಪು ಬಿಳಿ ಚಿತ್ರ, ಚಿತ್ರದೊಳಗೆ ಗುಳ್ಳೆಯಂತೆ ಗೆರೆ ಎಳೆದು ಅದರೊಳಗೆ ಇಂಗ್ಲಿಷ್ ಮಾತು. ಮಾಂಗಾ ಎಂದು ಹೊರಗೆ ಬರೆದಿತ್ತು. ಜಪಾನಿನವರು ದೊಡ್ಡವರೂ ಸಣ್ಣವರೂ ಓದುವ ಚಿತ್ರಕಥೆಗೆ ಹಾಗೆನ್ನುತ್ತಾರೆಂದು ವೈಶಾಲಿಗೆ ಕೇಳಿ ಗೊತ್ತಿತ್ತು, ಕಣ್ಣಿಂದ ನೋಡಿದ್ದು ಅದೇ ಮೊದಲು.

ಸಿದ್ದಾರೂಢ ಅವರು ಒಂದನ್ನು ತೆರೆದು, ಮುಚ್ಚಿ, ತಿರುಗಿಸಿ, ಮತ್ತೆ ತೆರೆದರು.

"ಇವು ಉಲ್ಟಾ ಬೈಂಡ್ ಆಗ್ಯಾವ್ರಿ ಮೇಡಮ್ಮಾರ. ಹಿಂದಿನ ಹಾಳಿ ಮುಂದ ಬಂದಾವ. ಅದಕ್ಕ ನಮಗ ದಾನಾ ಮಾಡ್ಯಾರ, ನೋಡ್ರಿ. ರದ್ದಿಗೆ ಒಗೀರಿ."

ವೈಶಾಲಿಗೂ ಹಾಗೇ ಕಂಡಿತ್ತು. ಆದರೂ ಚಿತ್ರಗಳು ಚೆನ್ನಾಗಿದ್ದವು, ರದ್ದಿಗೆ ಹಾಕಲು ಮನಸ್ಸು ಬರಲಿಲ್ಲ. ಒಂಬತ್ತನೆಯ ತರಗತಿಗೆ ಒಯ್ದು ಕಿಟಕಿಯ ಕಟ್ಟೆಯ ಮೇಲೆ ಇಟ್ಟಳು, ನೋಡುವವರು ನೋಡಲಿ ಎಂದು.

ನೋಡಿದವಳು ಹೊಳೆವ್ವ. ಈ ಹುಡುಗಿಯ ಅಪ್ಪ ಅವ್ವ ಕುರಿ ಹಿಂಡಿನೊಂದಿಗೆ ಅಲೆಯುವವರು. ಇವಳು ಸೋದರಮಾವ ಮಾಳಿಂಗರಾಯನ ಮನೆಯಲ್ಲಿದ್ದು ಶಾಲೆಗೆ ಬರುತ್ತಿದ್ದಳು. ಇಂಗ್ಲಿಷಿನಲ್ಲಿ ತನ್ನ ಹೆಸರು ಬರೆಯಲು ಬರುತ್ತಿತ್ತು, ಅದನ್ನೂ ಒಂದೊಂದು ಸಲ ಒಂದೊಂದು ರೀತಿ ಬರೆಯುತ್ತಿದ್ದಳು. ಪಾಠದ ಹೊತ್ತಿನಲ್ಲಿ ಗೋಡೆಗೆ ಒರಗಿ ಕಣ್ಣು ತೆರೆದೇ ನಿದ್ದೆ ಮಾಡುವ ವಿದ್ಯೆ ಅವಳಿಗೆ ಒಲಿದಿತ್ತು. ಉಳಿದ ಹುಡುಗರೆಲ್ಲ ಮೇಡಮ್ ಎನ್ನುತ್ತಿದ್ದರೆ ಇವಳು ಮಾತ್ರ ಕನ್ನಡ ಶಾಲೆಯ ರೂಢಿ ಬಿಡದೆ ಅಕ್ಕಾರ ಎನ್ನುತ್ತಿದ್ದಳು. ವೈಶಾಲಿಗೆ ಅವಳಲ್ಲಿ ಹುನ್ನೂರಿನ ತನ್ನದೇ ಮುಖ ಕಾಣುತ್ತಿತ್ತು. ಆದರೆ ಏನು ಮಾಡಬೇಕೆಂದು ತಿಳಿದಿರಲಿಲ್ಲ.

ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಹೊಳೆವ್ವ ಪುಸ್ತಕ ಹಿಡಿದುಕೊಂಡು ಬಂದಳು.

"ಅಕ್ಕಾರ, ಇದನ್ನ ಹಿಂದಿಂದ ಓದಬೇಕ್ರಿ."

"ಯಾಕವಾ?"

"ಇಲ್ಲಿ ನೋಡ್ರಿ. ನಾವು ನೋಡೂ ಹಂಗ ನೋಡಿದ್ರ ಇಂವ ಮೊದಲ ಬಿದ್ದಾನ, ಆಮ್ಯಾಲ ನಿಂತಾನ, ಆಮ್ಯಾಲ ಆ ದಪ್ಪನ್ನಂವ ಇವನ್ನ ಹಿಡದಾನ. ಬಿದ್ದ ಮ್ಯಾಲ ಯಾರರ ಹಿಡೀತಾರೇನ್ರಿ? ಹಿಡದ ಮ್ಯಾಲ ಬೀಳ್ತಾರ. ಈ ಕಡಿಯಿಂದ ನೋಡ್ರಿ, ಬರೋಬ್ಬರಿ ಆಕ್ಕೈತಿ."

ಬಲಗಡೆಯಿಂದ ಎಡಗಡೆಗೆ ಬೆರಳು ಓಡಿಸಿ ತೋರಿಸಿದಳು. ವೈಶಾಲಿ ನೋಡಿದಳು. ಹೌದು, ಬರೋಬ್ಬರಿ ಇತ್ತು. ಜಪಾನಿನವರ ಪುಸ್ತಕ ನಮ್ಮ ಹಿಂದಿನಿಂದಲೇ ಶುರುವಾಗುತ್ತದೆ. ಪುಣೆಯ ಶಾಲೆಯವರು ಅದನ್ನು ಹೇಳಿರಲಿಲ್ಲ, ಹೆಡ್‌ಮಾಸ್ತರರಿಗೆ ಹೊಳೆದಿರಲಿಲ್ಲ, ಎಂ.ಎ. ಓದಿದ ವೈಶಾಲಿಗೂ ಹೊಳೆದಿರಲಿಲ್ಲ. ಮಾಳಿಂಗರಾಯ ಊರಿನ ಗರಡಿಮನೆಯ ಪೈಲವಾನ. ಅವನ ಹಿಂದೆ ಹೋಗಿ ಕುಸ್ತಿ ನೋಡಿ ಬೆಳೆದ ಹುಡುಗಿಗೆ ಯಾವ ಪಟ್ಟಿನ ಮುಂದೆ ಯಾವುದು ಬರುತ್ತದೆ ಎಂಬುದು ಗೊತ್ತಿತ್ತು. ವೈಶಾಲಿಗೆ ಆದ ಸಂತೋಷ ಎಷ್ಟಿತ್ತೆಂದರೆ ಅವಳು ಆ ದಿನ ತಂದ ಶೇಂಗಾ ಹೋಳಿಗೆಯನ್ನೆಲ್ಲ ಹೊಳೆವ್ವನ ಕೈಗೆ ಹಾಕಿದಳು.

ಕಥೆ ತೋಶಿ ಎಂಬ ಹುಡುಗನದು. ಗಿಡ್ಡ, ತೆಳ್ಳಗೆ, ಮೀನಿನ ಅಂಗಡಿಯವಳ ಮಗ. ಅವನಿಗೆ ಸುಮೋ ಕುಸ್ತಿಯ ಹುಚ್ಚು. ಅಲ್ಲಿನ ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ಹತ್ತಬೇಕಾಗಿಲ್ಲ, ಅಂಗೈ ತಗಲಿದರೂ ಸೋಲು. ಆ ಹುಡುಗ ಪ್ರತಿ ಭಾಗದಲ್ಲಿಯೂ ಸೋಲುತ್ತಾನೆ. ಸೋತು, ಮೈಗೆ ಹತ್ತಿದ ಉಸುಕು ಝಾಡಿಸಿಕೊಂಡು, 'ನಾಟ್ ಯೆಟ್' ಎನ್ನುತ್ತಾನೆ. ಇನ್ನೂ ಮುಗಿದಿಲ್ಲ ಎಂದು.

ಆ ಚಳಿಗಾಲವೇ ವೈಶಾಲಿಯ ನೌಕರಿಯ ಒಳ್ಳೆಯ ಕಾಲ. ಹೇಳಿಕೊಟ್ಟದ್ದು ಕಡಿಮೆ, ಹುಡುಗರು ಕೇಳಿದ್ದೇ ಹೆಚ್ಚು. ಚಿತ್ರದಲ್ಲಿ ಮುಖ ನೋಡಿ ಸಿಟ್ಟೋ ಅಂಜಿಕೆಯೋ ತಿಳಿದುಕೊಳ್ಳುತ್ತಿದ್ದರು, ಆಮೇಲೆ ಗುಳ್ಳೆಯೊಳಗಿನ ಮಾತಿನ ಅರ್ಥ ಅದಕ್ಕೆ ಹೊಂದುತ್ತದೆಯೋ ಇಲ್ಲವೋ ನೋಡುತ್ತಿದ್ದರು. ತಿಳಿಯದ ಶಬ್ದಕ್ಕೆ ಡಿಕ್ಷನರಿ ತೆರೆಯುತ್ತಿದ್ದರು, ಯಾರೂ ಹೇಳದೆ. ಮೈದಾನದಲ್ಲಿ ಕಬಡ್ಡಿ ಆಡುವಾಗ ಔಟಾದವನು 'ನಾಟ್ ಯೆಟ್' ಎಂದು ಕೂಗುತ್ತಿದ್ದ. ಕೊಟ್ಟ ಪುಸ್ತಕ ತಿರುಗಿ ಬರುವ ತನಕ ತಡೆಯದೆ ಮೂರು ಮೂರು ಮಂದಿ ಒಂದರ ಮೇಲೆ ಬಗ್ಗಿ, ಹಾಳೆ ತಿರುವಬೇಡ, ನಂದು ಇನ್ನೂ ಆಗಿಲ್ಲ ಎಂದು ಬಡಿದಾಡುತ್ತಿದ್ದರು.

ಹೊಳೆವ್ವನಂತೂ ಶಾಲೆಯ ಹಿಂಬಾಗಿಲಿನ ಪಾವಟಿಗೆಯ ಮೇಲೆ ಕೂತರೆ ಗಂಟೆ ಹೊಡೆದದ್ದೂ ಅವಳಿಗೆ ಕೇಳುತ್ತಿರಲಿಲ್ಲ. ಒಂದು ದಿನ ಹಳೆಯ ಕ್ಯಾಲೆಂಡರಿನ ಹಿಂಬದಿಗೆ ತಾನೇ ಚಿತ್ರ ಬರೆದು ತಂದಳು. ಎರಡು ಟಗರಿನ ಕಾಳಗ. ಸಣ್ಣ ಟಗರು ಬಿದ್ದಿದೆ, ಎದ್ದಿದೆ, ಅದರ ಬಾಯಿಂದ ಗುಳ್ಳೆ ಹೊರಟು ಇಂಗ್ಲಿಷಿನಲ್ಲಿ 'ನಾಟ್ ಯೆಟ್' ಎಂದಿದೆ. ಕಾಗುಣಿತ ತಪ್ಪಿಲ್ಲ. ಚಿತ್ರ ಬಲದಿಂದ ಎಡಕ್ಕೆ ಸಾಗಿತ್ತು.

"ಅಕ್ಕಾರ, ಏಳನೇ ಭಾಗ ಇರ್ತೈತಲ್ರಿ? ಅದರಾಗ ತೋಶಿ ಗೆಲ್ತಾನೇನ್ರಿ?" ಎಂದು ಕೇಳಿದಳು.

"ನಂಗೂ ಗೊತ್ತಿಲ್ಲವಾ. ಬೆಳಗಾವಿಯ ಅಂಗಡ್ಯಾಗ ಹೇಳಿ ತರಸ್ತೇನಿ. ಮೊದಲ ನೀನ ಓದಿ ನಂಗ ಹೇಳು."

"ಖರೇನ್ರಿ?"

"ಖರೆ."

ಕೆಡಿಸುವವರು ಯಾವ ಶಾಲೆಯಲ್ಲೂ ಇರುತ್ತಾರೆ. ಇಲ್ಲಿ ಅದು ಸಮಾಜ ಪಾಠದ ಚಿದಾನಂದ ಮಾಸ್ತರ. ಅವರು ಚೇರಮನ್ನರ ತನಕ ಹೋಗಿ, ಹೆಣ್ಣುಮಕ್ಕಳ ಕೈಯಲ್ಲಿ ಲಂಗೋಟಿ ಹಾಕಿಕೊಂಡ ಗಂಡಸರ ಚಿತ್ರದ ಪುಸ್ತಕ ಬಂದಿದೆ, ಪಾಠ ಬಿಟ್ಟು ಚಿತ್ರ ನೋಡುತ್ತಾ ಕೂಡುತ್ತಾರೆ, ಊರಿನವರು ಏನೆಂದಾರು ಎಂದು ಹೇಳಿ ಬಂದರು. ಮರುದಿನ ಬಾಳಾಸಾಹೇಬರು ಶಾಲೆಗೆ ಬಂದರು. ವೈಶಾಲಿ ಆರೂ ಪುಸ್ತಕ ಎದೆಗೆ ಅವುಚಿಕೊಂಡು ಹೆಡ್‌ಮಾಸ್ತರರ ಖೋಲಿಗೆ ಹೋದಳು. ಪುಸ್ತಕ ತಿಜೋರಿ ಸೇರಿದರೆ ಹೊಳೆವ್ವ ಮತ್ತೆ ಗೋಡೆಗೆ ಒರಗುತ್ತಾಳೆ ಎಂಬುದೊಂದೇ ಅವಳ ತಲೆಯಲ್ಲಿತ್ತು.

ಬಾಳಾಸಾಹೇಬರು ಚಷ್ಮಾ ಏರಿಸಿ ಹಾಳೆ ತಿರುವಿದರು. ತಿರುವುತ್ತಾ ಮುಖ ಅರಳಿತು.

"ಏ, ಇದು ಹೆಗಲ ಮ್ಯಾಲಿಂದ ಒಗಿಯೂ ನಮ್ಮ ಧೋಬಿ ಡಾವು ಇದ್ದಂಗ ಐತಲ್ಲೋ! ಚಿದಾನಂದ ಮಾಸ್ತರ, ಲಂಗೋಟಿ ಬಿಟ್ಟು ಪ್ಯಾಂಟ್ ಹಾಕ್ಕೊಂಡು ಕುಸ್ತಿ ಹಿಡೀಬೇಕಂತೀರೇನು?"

ಎಲ್ಲರೂ ನಕ್ಕರು. ಚಿದಾನಂದ ಮಾಸ್ತರರೂ ನಕ್ಕರು, ನಗದೆ ಏನು ಮಾಡುತ್ತಾರೆ. ವೈಶಾಲಿಗೆ ಜೀವ ಬಂದಂತಾಯಿತು. ಆಗ ಬಾಳಾಸಾಹೇಬರು ಪುಸ್ತಕ ಮುಚ್ಚಿ ಟೇಬಲ್ಲಿನ ಮೇಲೆ ಇಟ್ಟರು.

"ಅದಿರ್ಲಿ ತಂಗಿ. ನೋಡಿದ್ರ ಮನಸಿಗೆ ಸಂತೋಷ ಆಗೂದು ಬ್ಯಾರೆ. ಇದರಿಂದ ಸಾಲಿಗೆ ಏನ ಲಾಭ? ರಿಜಲ್ಟ್ ಬರ್ತೈತೇನು?"

ಇಲ್ಲಿ ಅವಳು ಖರೆ ಹೇಳಬಹುದಿತ್ತು. ಮುಂದೆ ಏನಾಯಿತು ಎಂಬ ಆಸೆಯಿಂದ ಈ ಮಕ್ಕಳು ಓದುತ್ತಿದ್ದಾರೆ, ಲಾಭ ಅಂದರೆ ಅದೇ, ಅದರಾಚೆಗೆ ಏನೂ ಬೇಕಾಗಿಲ್ಲ ಎನ್ನಬಹುದಿತ್ತು. ಬೈಸಿಕೊಳ್ಳುತ್ತಿದ್ದಳೋ ಏನೋ, ಪುಸ್ತಕ ಹೋಗುತ್ತಿದ್ದವೋ ಏನೋ. ಆದರೆ ಅವಳು ಸಿದ್ಧಳಾಗಿ ಬಂದಿದ್ದಳು. ಪರೀಕ್ಷೆಯ ಪೇಪರುಗಳನ್ನು ತಂದಿದ್ದಳು. ಯಾವಾಗಲೂ ನಪಾಸಾಗುತ್ತಿದ್ದ ಹೊಳೆವ್ವ ಪಾಸಾಗಿದ್ದ ಪೇಪರನ್ನು ಎಲ್ಲಕ್ಕಿಂತ ಮೇಲಿಟ್ಟು ಚೇರಮನ್ನರ ಮುಂದೆ ಸರಿಸಿದಳು.

"ಬರ್ತೈತ್ರಿ ಸಾಹೇಬ್ರ. ನೂರಕ್ಕ ನೂರು ಬರ್ತೈತ್ರಿ."

"ಹಂಗಾದ್ರ ಬರೇ ಆಟಾ ಅಂತ ಯಾಕ ಬಿಟ್ಟೀರಿ? ಹೆಡ್‌ಮಾಸ್ತರ, ಪದ್ಧತಿ ಪ್ರಕಾರ ಮಾಡಸ್ರಿ."

ವೈಶಾಲಿ ಗೆದ್ದು ಹೊರಗೆ ಬಂದಳು. ಆ ಸಂಜೆ ಪರಮೇಶನಿಗೆ ಎಲ್ಲವನ್ನೂ ಕುಣಿಕುಣಿದು ಹೇಳಿದಳು. ಅವನು ರೊಟ್ಟಿ ಮುರಿಯುತ್ತಾ, "ಪದ್ಧತಿ ಅಂದ್ರ ಏನಂತ?" ಎಂದು ಕೇಳಿದ. ಅವಳು ಅದನ್ನು ಕಿವಿಗೆ ಹಾಕಿಕೊಳ್ಳದೆ ಚಿದಾನಂದ ಮಾಸ್ತರರು ನಕ್ಕ ಬಗೆಯನ್ನು ನಕ್ಕು ತೋರಿಸಿದಳು.

ಪದ್ಧತಿ ಎಂದರೆ ಏನೆಂಬುದು ಜೂನ್ ತಿಂಗಳಲ್ಲಿ ಗೊತ್ತಾಯಿತು. ಹೊಳೆವ್ವ ಮತ್ತು ಅವಳ ಓರಗೆಯವರು ಹತ್ತನೆಯ ತರಗತಿಗೆ ಬಂದಿದ್ದರು. ವೇಳಾಪಟ್ಟಿಯಲ್ಲಿ ಮಾಂಗಾ ಎಂದು ಒಂದು ಪಿರಿಯಡ್ ಬಿತ್ತು. ಪ್ರತಿ ಶನಿವಾರ ಅದರ ಮೇಲೆ ಟೆಸ್ಟು. ಟೆಸ್ಟಿನ ಅಂಕ ಆಂತರಿಕ ಅಂಕಕ್ಕೆ ಸೇರುತ್ತದೆ ಎಂದು ಸಿದ್ದಾರೂಢ ಅವರು ಪ್ರಾರ್ಥನೆಯ ಹೊತ್ತಿನಲ್ಲಿ ಸಾರಿದರು. ಆರು ಪುಸ್ತಕ ಎಷ್ಟು ಮಂದಿಗೆ ಸಾಕಾದೀತು? ಅದಕ್ಕೆ ಒಂದು ವರ್ಕ್‌ಬುಕ್ ಮಾಡಿಸುವುದೆಂದು ತೀರ್ಮಾನವಾಯಿತು. ಚಿತ್ರಗಳ ಝೆರಾಕ್ಸು, ಕೆಳಗೆ ಪ್ರಶ್ನೆ, ಪ್ರಶ್ನೆಯ ಕೆಳಗೆ ಮಾದರಿ ಉತ್ತರ. ಕಥೆ ಬರೆದವನನ್ನು ಒಂದು ಮಾತು ಕೇಳಬೇಕು ಎಂದು ಯಾರಿಗೂ ಅನಿಸಲಿಲ್ಲ. ಮೂಲ ಪುಸ್ತಕಗಳು ತಿಜೋರಿಗೆ ಹೋದವು. ನೋಡಲು ಬರುವ ದೊಡ್ಡವರಿಗೆ ತೋರಿಸಬೇಕಲ್ಲ, ಹೊಲಸಾಗಬಾರದು.

ಪ್ರಶ್ನೆ ಬರೆಯುವವರು ಯಾರು? ವೈಶಾಲಿಯೇ. ಬಲವಂತದಿಂದ ಬರೆದಳು ಎಂದು ಹೇಳಿ ಅವಳನ್ನು ಪಾರು ಮಾಡಬಹುದು, ಆದರೆ ಅದು ಸುಳ್ಳು. ಉಮೇದಿನಿಂದ ಬರೆದಳು. ಮುಖಪುಟದ ಮೇಲೆ ತನ್ನ ಹೆಸರು ಬರುತ್ತದೆ, ರೇವಪ್ಪನ ಮಗಳ ಹೆಸರು, ಎಂಬುದು ಅವಳಿಗೆ ಹಿತವಾಗಿತ್ತು. ಶಾಲೆ ಬಿಟ್ಟ ಮೇಲಿನ ಸಂಜೆಗಳನ್ನೆಲ್ಲ ಅದಕ್ಕೆ ಕೊಟ್ಟಳು. 'ನಾಟ್ ಯೆಟ್': ಈ ಮಾತನ್ನು ಯಾರು ಯಾರಿಗೆ ಹೇಳಿದರು? ತೋಶಿಯ ತಾಯಿಯ ಉದ್ಯೋಗ ಯಾವುದು? ತೋಶಿ ಸೋಲಲು ಎರಡು ಕಾರಣಗಳನ್ನು ಕೊಡಿ. ಬರೆಯುತ್ತಾ ಬರೆಯುತ್ತಾ ಅವಳಿಗೆ ಕೈ ಹತ್ತಿತು. ತನ್ನ ಹಳೆಯ ಗೈಡಿನ ಧಾಟಿಯೇ ಅದು ಎಂಬುದು ಕಾಣಲಿಲ್ಲ.

ಒಂದು ಶನಿವಾರದ ಮಾತು. ಟೆಸ್ಟಿನ ಪೇಪರು ತಿರುಗಿ ಕೊಟ್ಟಿದ್ದಳು. ಹೊಳೆವ್ವ ಎದ್ದು ನಿಂತಳು.

"ಅಕ್ಕಾರ, ಇಲ್ಲಿ ನಂಗ ತಪ್ಪ ಹಾಕೀರಿ."

ನಾಲ್ಕನೆಯ ಭಾಗದ ಕುಸ್ತಿಯಲ್ಲಿ ತೋಶಿ ಸೋತದ್ದು ಯಾಕೆ ಎಂಬ ಪ್ರಶ್ನೆ. ಎದುರಾಳಿ ಬಲವಾಗಿದ್ದ, ತೋಶಿಗೆ ರೂಢಿ ಸಾಲದು, ಇವು ವರ್ಕ್‌ಬುಕ್ಕಿನ ಎರಡು ಕಾರಣಗಳು. ಹೊಳೆವ್ವ ಬೇರೆಯೇ ಬರೆದಿದ್ದಳು.

"ಅವರವ್ವನ ಚಪ್ಪಲಿ ಅಲ್ಲೇ ಅಖಾಡದ ಬಾಜೂಕ ಅದಾವ್ರಿ, ಚಿತ್ರದ ಮೂಲ್ಯಾಗ, ಸಣ್ಣೂ. ಮೊದಲ ಇದ್ದವು, ಮುಂದಿನ ಚಿತ್ರದಾಗ ಇಲ್ರಿ. ಅಂದ್ರ ಆಕಿ ಎದ್ದು ಹೋಗ್ಯಾಳ. ಅದನ್ನ ನೋಡಿ ಅಂವ ಕಾಲ ಸಡ್ಲ ಬಿಟ್ಟಾನ್ರಿ. ಅದಕ್ಕ ಬಿದ್ದ."

ಆರು ಪುಸ್ತಕಗಳನ್ನು ಪ್ರಶ್ನೆಗಾಗಿ ಜಾಲಾಡಿದ ವೈಶಾಲಿ ಆ ಚಪ್ಪಲಿಗಳನ್ನು ನೋಡಿರಲಿಲ್ಲ. ಹೊರಗೆ ಹೆಡ್‌ಮಾಸ್ತರರು ಅಂಕದ ಯಾದಿಗಾಗಿ ಕಾಯುತ್ತಿದ್ದರು. ಒಬ್ಬಳಿಗೆ ಕೊಟ್ಟರೆ ಎಲ್ಲರೂ ಒಂದೊಂದು ಕಾರಣ ಹೇಳಿಕೊಂಡು ಏಳುತ್ತಾರೆ.

"ಅದು ಉತ್ತರದಾಗ ಇಲ್ಲ ಹೊಳೆವ್ವ. ಕೊಟ್ಟಿದ್ದ ಎರಡ ಬರಿ. ಕೂಡು."

ಹೊಳೆವ್ವ ಕೂತಳು. ಮುಂದಿನ ಶನಿವಾರದಿಂದ ಕೊಟ್ಟಿದ್ದ ಎರಡನ್ನೇ ಬರೆಯತೊಡಗಿದಳು, ಒಂದು ಅಕ್ಷರ ಆಚೀಚೆ ಆಗದಂತೆ. ವೈಶಾಲಿ ಅದನ್ನು ಸುಧಾರಣೆ ಎಂದುಕೊಂಡಳು, ಎಂಥ ಕುರುಡು ನೋಡಿ! ಅಂಕಗಳು ಏರಿದವು. ಜಮಖಂಡಿಯ ಕಡೆಯಿಂದ, ಬನಹಟ್ಟಿಯ ಕಡೆಯಿಂದ ಶಿಕ್ಷಕರು ಬಂದು ನೋಡಿ ಹೋದರು. ಮೊದಲ ಶಾಲು ಆಗ ಬಂತು. ಹುನ್ನೂರಿನಲ್ಲಿ ರೇವಪ್ಪ ಮತ್ತೆ ಪೇಢೆ ಹಂಚಿದ.

ಆ ಗದ್ದಲದಲ್ಲಿ ಮೈದಾನದಲ್ಲಿ 'ನಾಟ್ ಯೆಟ್' ಎಂಬ ಕೂಗು ಯಾವಾಗ ನಿಂತಿತು ಎಂಬುದು ಅವಳ ಗಮನಕ್ಕೇ ಬರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಬೆಳಗಾವಿಯ ಅಂಗಡಿಯವನು ಬಸ್ಸಿನಲ್ಲಿ ಪಾರ್ಸಲ್ ಹಾಕಿದ. ಏಳನೆಯ ಭಾಗ. ವೈಶಾಲಿ ಅದನ್ನು ತೆರೆದು ನೋಡಲಿಲ್ಲ. ಮೊದಲು ನೀನು ಓದಿ ನನಗೆ ಹೇಳು ಎಂದು ಮಾತು ಕೊಟ್ಟಿದ್ದಳಲ್ಲ. ಚೀಲದಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಹೋಗುವಾಗ ಅವಳಿಗೆ ಬಹಳ ದಿನಗಳ ಮೇಲೆ ಹಗುರವೆನಿಸಿತು. ಹೊಳೆವ್ವನ ಮುಖ ಹೇಗೆ ಅರಳುತ್ತದೆ ಎಂದು ದಾರಿಯುದ್ದಕ್ಕೂ ನೆನೆಯುತ್ತಾ ಹೋದಳು.

ಹೊಳೆವ್ವ ಅದೇ ಹಿಂದಿನ ಪಾವಟಿಗೆಯ ಮೇಲೆ ಕೂತಿದ್ದಳು. ತೊಡೆಯ ಮೇಲೆ ವರ್ಕ್‌ಬುಕ್, ಕಣ್ಣು ಮುಚ್ಚಿ ತುಟಿ ಅಲುಗಿಸುತ್ತಾ ಉತ್ತರ ಒಪ್ಪಿಸಿಕೊಳ್ಳುತ್ತಿದ್ದಳು. ಟೀಚರನ್ನು ಕಂಡು ಎದ್ದು ನಿಂತಳು.

"ಏನ್ ತಂದೇನಿ ನೋಡ. ಏಳನೇ ಭಾಗ!"

ಹೊಳೆವ್ವ ಎರಡೂ ಕೈಯಿಂದ ತೆಗೆದುಕೊಂಡಳು. ಮುಖಪುಟ ನೋಡಿದಳು, ಹಿಂದೆ ತಿರುಗಿಸಿ ನೋಡಿದಳು.

"ಇದು ವರ್ಕ್‌ಬುಕ್ಕಿನ್ಯಾಗ ಐತೇನ್ರಿ ಮೇಡಮ್?"

ಅಕ್ಕಾರ ಹೋಗಿ ಮೇಡಮ್ ಎಂದು ಆಗಿತ್ತು. ಯಾವಾಗಿನಿಂದ ಎಂದು ವೈಶಾಲಿಗೆ ನೆನಪಾಗಲಿಲ್ಲ.

"ಇಲ್ಲವಾ."

"ಇದರ ಮ್ಯಾಲ ಟೆಸ್ಟ್ ಇರ್ತೈತೇನ್ರಿ?"

"ಇಲ್ಲ. ಸುಮ್ನ ಓದಾಕ ತಂದೇನಿ. ನಿನಗ."

ಹೊಳೆವ್ವ ಪುಸ್ತಕವನ್ನು ಮರ್ಯಾದೆಯಿಂದ ತಿರುಗಿ ಕೊಟ್ಟಳು.

"ಈಗ ಬ್ಯಾಡ್ರಿ ಮೇಡಮ್. ಟೈಮ್ ಹಾಳ ಆಕ್ಕೈತ್ರಿ. ಪರೀಕ್ಷಾ ಮುಗೀಲಿ."

"ತೋಶಿ ಗೆದ್ದನೋ ಸೋತನೋ ತಿಳಕೋಬೇಕು ಅಂತ ಅನಸೂದಿಲ್ಲೇನ?"

"ಮೊದಲ ಅನಸ್ತಿತ್ರಿ."

ಸಿಟ್ಟಿನಿಂದ ಅಂದದ್ದಲ್ಲ. ಚುಚ್ಚಬೇಕೆಂದೂ ಅಂದದ್ದಲ್ಲ. ಕೇಳಿದ ಪ್ರಶ್ನೆಗೆ ಒಂದು ವಾಕ್ಯದಲ್ಲಿ ಉತ್ತರ. ವೈಶಾಲಿ ಪಾವಟಿಗೆಯ ಮೇಲೆ ಕೂತಳು. ಪಕ್ಕದಲ್ಲಿ ವರ್ಕ್‌ಬುಕ್ ತೆರೆದಿತ್ತು. ಏನಾದರೂ ನೋಡಬೇಕೆಂದು ಅದನ್ನು ನೋಡಿದಳು. ತೋಶಿ ನೆಲದ ಮೇಲೆ ಬಿದ್ದಿದ್ದ. ಮುಂದಿನ ಚಿತ್ರದಲ್ಲಿ ನಿಂತಿದ್ದ. ಅದರ ಮುಂದಿನದರಲ್ಲಿ ಆ ದಪ್ಪನೆಯವನು ಅವನನ್ನು ಹಿಡಿದಿದ್ದ.

ಹಾಳೆ ತಿರುವಿದಳು. ಇನ್ನೊಂದು ತಿರುವಿದಳು. ಎಲ್ಲ ಕಡೆಯೂ ಹೀಗೇ. ಪ್ರೆಸ್ಸಿನವನು ನಮ್ಮ ರೂಢಿಯಂತೆ ಎಡಗಡೆಯ ಚಿತ್ರವೇ ಮೊದಲಿನದೆಂದು ತಿಳಿದು, ಕತ್ತರಿಸಿ ಒಂದರ ಮುಂದೊಂದು ಅಂಟಿಸಿದ್ದ. ಇಡೀ ಕಥೆ ಹಿಂದುಮುಂದಾಗಿತ್ತು. ಪ್ರೂಫ್ ನೋಡಿದವಳು ವೈಶಾಲಿಯೇ. ಪ್ರಶ್ನೆ ತಿದ್ದಿದ್ದಳು, ಉತ್ತರ ತಿದ್ದಿದ್ದಳು, ಮುಖಪುಟದಲ್ಲಿ ತನ್ನ ಹೆಸರಿನ ಇನಿಶಿಯಲ್ ಬಿಟ್ಟುಹೋಗಿದ್ದನ್ನು ಸೇರಿಸಿದ್ದಳು. ಚಿತ್ರಗಳ ಕಡೆಗೆ ನೋಡಿರಲಿಲ್ಲ. ಬಂದು ಹೋದ ಶಿಕ್ಷಕರೂ ನೋಡಿರಲಿಲ್ಲ, ಶಾಲು ಹೊದಿಸಿದವರೂ ನೋಡಿರಲಿಲ್ಲ, ವರ್ಷವಿಡೀ ಟೆಸ್ಟು ಬರೆದ ಒಂದು ತರಗತಿಯಲ್ಲಿ ಯಾರೂ ತುಟಿ ಎರಡು ಮಾಡಿರಲಿಲ್ಲ.

"ಹೊಳೆವ್ವ," ಎಂದಳು. "ಇದು ಉಲ್ಟಾ ಐತಲ್ಲ."

"ಹೌದ್ರಿ."

"ನಿನಗ ಗೊತ್ತಿತ್ತೇನು?"

"ಕೊಟ್ಟ ದಿವಸಾನ ನೋಡೇನ್ರಿ."

"ಮತ್ತ ಯಾಕ ಹೇಳಲಿಲ್ಲ? ಅವತ್ತು ನೀನ ಅಲ್ಲೇನು ನಂಗ ತೋರಿಸಿದಾಕಿ, ಹಿಡದ ಮ್ಯಾಲ ಬೀಳ್ತಾರ ಅಂತ?"

ಹೊಳೆವ್ವನಿಗೆ ಟೀಚರಿಗೆ ಏನಾಗಿದೆ ಎಂದು ತಿಳಿಯಲಿಲ್ಲ. ಸಮಾಧಾನ ಮಾಡುವ ದನಿಯಲ್ಲಿ ಹೇಳಿದಳು:

"ಉತ್ತರ ಬರೋಬ್ಬರಿ ಅದಾವಲ್ರಿ ಮೇಡಮ್."

ಗಂಟೆ ಹೊಡೆಯಿತು. ಹೊಳೆವ್ವ ವರ್ಕ್‌ಬುಕ್ ಎತ್ತಿಕೊಂಡು ಓಡಿದಳು. ಈಗ ಅವಳಿಗೆ ಗಂಟೆ ಕೇಳಿಸುತ್ತಿತ್ತು.

ಎಸ್ಸೆಸ್ಸೆಲ್ಸಿಯಲ್ಲಿ ಹೊಳೆವ್ವನಿಗೆ ಇಂಗ್ಲಿಷಿನಲ್ಲಿ ಇಡೀ ಶಾಲೆಗೇ ಹೆಚ್ಚು ಅಂಕ ಬಂದವು. ಮಾಳಿಂಗರಾಯ ಗರಡಿಮನೆಯಲ್ಲಿ ಪೇಢೆ ಹಂಚಿದ, ಒಂದು ಪುಡಿಕೆಯನ್ನು ಶಾಲೆಗೂ ತಂದುಕೊಟ್ಟ. ವೈಶಾಲಿ ತನ್ನ ಪಾಲಿನ ಪೇಢೆಯನ್ನು ಬಾಯಿಗೆ ಹಾಕಿಕೊಳ್ಳಲಾರದೆ ಕೈಯಲ್ಲೇ ಹಿಡಿದು ನಿಂತಳು. ಹುಡುಗಿ ಕಾಲೇಜು ಸೇರುತ್ತಾಳೆ. ಅಲ್ಲಿ ಯಾರಾದರೂ ಒಂದು ದಿನ ಅವಳನ್ನು ಎಬ್ಬಿಸಿ ನಿಲ್ಲಿಸಿ, ನಿನ್ನ ತಂದೆ ಏನು ಮಾಡುತ್ತಾರೆ ಎಂದು ಕೇಳುತ್ತಾರೆ.

ವರ್ಕ್‌ಬುಕ್ಕಿನ ಎರಡನೆಯ ಮುದ್ರಣ ಆಗಿದೆ, ಈಗ ಬೇರೆ ಊರುಗಳ ಶಾಲೆಗಳಿಗೂ ಹೋಗುತ್ತದೆ. ಚಿತ್ರಗಳ ಕ್ರಮ ತಪ್ಪಿದೆ, ತಿದ್ದಬೇಕು ಎಂದು ವೈಶಾಲಿ ಹೆಡ್‌ಮಾಸ್ತರರಿಗೆ ಹೇಳಿದಳು, ಜಗಳವನ್ನೂ ಆಡಿದಳು. ಅವರು ತಾಳ್ಮೆಯಿಂದ ಕೇಳಿ, "ಇರ್ಲಿ ಬಿಡ್ರಿ ಮೇಡಮ್ಮಾರ, ಯಾರೂ ತಕರಾರ ಮಾಡಿಲ್ಲಲ್ಲ. ಆ ಏಳನೇ ಭಾಗ ಸಿಕ್ಕರ ಅದಕ್ಕೂ ಪ್ರಶ್ನೆ ಬರದ ಕೊಡ್ರಿ," ಎಂದರು.

"ಅದು ಎಲ್ಲೂ ಸಿಗವಲ್ದ್ರಿ ಸರ್," ಎಂದು ಅವಳು ಸುಳ್ಳು ಹೇಳಿದಳು.

ಅದು ಮನೆಯಲ್ಲಿದೆ, ಟ್ರಂಕಿನಲ್ಲಿ, ಶಾಲುಗಳ ಕೆಳಗೆ. ಪುಸ್ತಕ ತಿಜೋರಿ ಸೇರಬಾರದೆಂದು ಎದೆಗೆ ಅವುಚಿಕೊಂಡು ಹೋದ ಹೆಂಗಸು ಈಗ ಒಂದನ್ನು ತಾನೇ ಕೀಲಿ ಹಾಕಿ ಇಟ್ಟಿದ್ದಾಳೆ. ಶಾಲೆಗೆ ಕೊಟ್ಟರೆ ಅದಕ್ಕೆ ಪ್ರಶ್ನೆ ಹುಟ್ಟುತ್ತವೆ. ಕೊಡದಿದ್ದರೆ ಯಾವ ಮಗುವೂ ಅದನ್ನು ಓದುವುದಿಲ್ಲ. ಹೊಳೆವ್ವ ಕೇಳಿಕೊಂಡು ಬಂದರೆ ಕೊಡಬೇಕೆಂದು ಮೊದಮೊದಲು ಕಾಯುತ್ತಿದ್ದಳು. ಹೊಳೆವ್ವ ಬರಲಿಲ್ಲ. ವೈಶಾಲಿಯೂ ಅದನ್ನು ತೆರೆದಿಲ್ಲ. ತೋಶಿ ಗೆದ್ದನೋ ಸೋತನೋ ಅವಳಿಗೂ ಗೊತ್ತಿಲ್ಲ.